ಟ್ಯಾಟೂ ಹಾಕಿಸುವ ಮುಂಚೆ ಒಂದು ಸಲ ಸುಮ್ನೆ ಕೂತು ನೋಡಿ ಬನ್ನಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನಗೆ 23 ವರ್ಷ. ಶಿವಮೊಗ್ಗದಲ್ಲಿ ಕೆಲಸ, ವಾರದ ಕೊನೆಗೆ ಊರಿಗೆ ಹೋಗಿ ಗದ್ದೆ, ತೋಟದ ಕೆಲಸಕ್ಕೆ ಕೈ ಹಾಕುತ್ತೇನೆ. ತೀರಿಕೊಂಡ ಅಪ್ಪ ನನಗೆ ಬರೆದ ಕಾಗದದ ಕೊನೆಯಲ್ಲಿ ‘ಚೆನ್ನಾಗಿರು ಮಗಳೇ’ ಎಂದಿದೆ. ಅದನ್ನು ಅವರ ಅಕ್ಷರದಲ್ಲೇ ಮುಂಗೈ ಮೇಲೆ ಟ್ಯಾಟೂ ಹಾಕಿಸಬೇಕೆಂದಿದ್ದೇನೆ. ಶಿವಮೊಗ್ಗದ ಒಂದು ಸ್ಟುಡಿಯೋದಲ್ಲಿ ಜೂನ್ ಕೊನೆಗೆ ದಿನ ಗೊತ್ತಾಗಿದೆ. ಜಾತ್ರೆಯಲ್ಲಿ ಇನ್ನೂರು ರೂಪಾಯಿಗೆ ಹಾಕುತ್ತಾರೆ, ಅಲ್ಲಿ ಸಾವಿರಗಟ್ಟಲೆ ಯಾಕೆ ಎಂದು ಅಮ್ಮ ಕೇಳುತ್ತಾರೆ. ರಕ್ತದ ಕಾಯಿಲೆ ಬರುತ್ತದೆ ಎಂಬ ಹೆದರಿಕೆಯೂ ಅವರಿಗಿದೆ. ತಮ್ಮನಿಗೆ 19, ಅಗ್ನಿವೀರ್ ರ‍್ಯಾಲಿಗೆ ತಯಾರಾಗುತ್ತಿದ್ದಾನೆ. ಅವನೂ ನನ್ನ ಜೊತೆ ಹಾಕಿಸಿಕೊಳ್ಳುತ್ತೇನೆ ಅನ್ನುತ್ತಾನೆ. ಹೋಗುವ ಮುಂಚೆ ಏನೇನು ತಿಳಿದಿರಬೇಕು?

ಚರ್ಮರೋಗ ತಜ್ಞರ ಉತ್ತರ:

ಹಾಕಿಸಿಕೊಳ್ಳಿ. ನೀವು ಬರೆದಿರುವಷ್ಟರಲ್ಲಿ ಬೇಡ ಎನ್ನಲು ನನಗೆ ಯಾವ ಕಾರಣವೂ ಕಾಣುವುದಿಲ್ಲ. ಆದರೆ ಎರಡು ಮಾತು ಮೊದಲೇ ಹೇಳಿಬಿಡುತ್ತೇನೆ. ಜೂನ್ ಕೊನೆಯ ದಿನ ಬೇಡ, ಮುಂದೂಡಿ. ಮತ್ತೆ, ನಿಮ್ಮ ಕೈಗೆ ಸೂಜಿ ತಾಗುವುದಕ್ಕೆ ಮುಂಚೆ ಒಂದು ದಿನ ಆ ಸ್ಟುಡಿಯೋಗೆ ಹೋಗಿ, ಬೇರೆಯವರಿಗೆ ಹಾಕುವುದನ್ನು ಸುಮ್ನೆ ಕೂತು ನೋಡಿ ಬನ್ನಿ. ಅವರ ಕೈಚಳಕ ಎಂಥದ್ದು ಎಂದು ಮೊಬೈಲಿನ ಫೋಟೋದಲ್ಲೇ ಗೊತ್ತಾಗುತ್ತದೆ. ಶುಚಿ ಎಷ್ಟಿದೆ ಎಂದು ಗೊತ್ತಾಗಬೇಕಾದರೆ ಕಣ್ಣಾರೆ ನೋಡಬೇಕು. ಟ್ಯಾಟೂ ಆದಮೇಲೆ ತೊಂದರೆ ಎಂದು ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿ ಚಿತ್ರವನ್ನು ತಿಂಗಳುಗಟ್ಟಲೆ ಹುಡುಕಿರುತ್ತಾರೆ, ಜಾಗವನ್ನು ಮಾತ್ರ ಒಂದು ಸಲವೂ ನೋಡಿರುವುದಿಲ್ಲ.

ಜೂನ್ ಯಾಕೆ ಬೇಡ? ಟ್ಯಾಟೂ ಅಂದರೆ ಗಾಯ. ಮಷಿನ್ನಿನ ಸೂಜಿ ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಚುಚ್ಚಿ, ಚರ್ಮದ ಮೇಲ್ಪದರ ದಾಟಿ ಒಂದೆರಡು ಮಿಲಿಮೀಟರ್ ಆಳಕ್ಕೆ ಶಾಯಿ ಬಿಡುತ್ತದೆ. ಮೇಲ್ಪದರ ಕೆಲವೇ ವಾರಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಅದಕ್ಕೇ ಶಾಯಿ ಒಳಪದರದಲ್ಲಿ ಕೂರಬೇಕು. ಅಲ್ಲಿ ಮೈಯ ಕಾವಲು ಕಣಗಳು ಆ ಶಾಯಿಯನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಅದರಿಂದಲೇ ಬಣ್ಣ ವರ್ಷಗಟ್ಟಲೆ ಉಳಿಯುವುದು. ಮೇಲಿನ ಗಾಯ ಕೂಡಲು ಎರಡು ಮೂರು ವಾರ ಬೇಕು. ಒಳಗೆ ಪೂರ್ತಿ ಮಾಗಲು ಎರಡು ಮೂರು ತಿಂಗಳು. ಮೊದಲ ಮೂರು ವಾರ ಆ ಜಾಗ ಒಣಗಿರಬೇಕು, ಗಾಳಿ ಆಡಬೇಕು, ಕೊಳೆ ಸೋಕಬಾರದು.

ಈಗ ನಮ್ಮ ಕಡೆಯ ಮಳೆಗಾಲ ನೆನಪಿಸಿಕೊಳ್ಳಿ. ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಬಚ್ಚಲ ಒಲೆಯ ಮೇಲೆ ಹಾಕಿದರೂ ಮುಗ್ಗಲು ವಾಸನೆ ಹೋಗುವುದಿಲ್ಲ. ಒದ್ದೆ ತೋಳಿನ ಅಂಗಿ, ಅದರ ಮೇಲೆ ರೇನ್‌ಕೋಟು, ಒಳಗೆ ಬೆವರು. ಊರಿಗೆ ಹೋದರೆ ಗದ್ದೆ ನಾಟಿ. ಕೆಸರಿನಲ್ಲಿ, ಕೊಟ್ಟಿಗೆ ಗೊಬ್ಬರದಲ್ಲಿ ಮೊಣಕೈವರೆಗೆ ಕೈ ಇರುತ್ತದೆ. ತೋಟದಲ್ಲಿ ಕೊಳೆ ರೋಗಕ್ಕೆ ಬೋರ್ಡೋ ಹೊಡೆಯುವ ಕಾಲವೂ ಅದೇ. ಮೈಲುತುತ್ತ, ಸುಣ್ಣದ ಆ ದ್ರಾವಣ ಹಸಿ ಗಾಯಕ್ಕೆ ಬಿದ್ದರೆ ಚರ್ಮ ಸುಡುತ್ತದೆ. ಇಂಬಳ ಹಿಡಿದರೆ ಅದರ ಕಡಿತವನ್ನೂ ಕೆರೆಯುತ್ತೀರಿ, ಪಕ್ಕದ ಟ್ಯಾಟೂವನ್ನೂ ಕೆರೆಯುತ್ತೀರಿ. ಕರಾವಳಿ ಕಡೆ ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಎಂಬ ಸೋಂಕು ಕಾಣಿಸಿಕೊಳ್ಳುತ್ತದೆ. ಒದ್ದೆ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಗಾಯದಿಂದ ಒಳಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅದು ಪ್ರಾಣಕ್ಕೇ ಬರಬಹುದು. ಗದ್ದೆಗೆ ಇಳಿಯುವವರು ಮಳೆಗಾಲದಲ್ಲಿ ಬೇಕೆಂದೇ ಮೈಮೇಲೆ ಗಾಯ ಮಾಡಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ದೀಪಾವಳಿ ಆದಮೇಲೆ ಮಳೆ ಬಿಡುತ್ತದೆ, ನಿಜ. ಆಗ ಅಡಿಕೆ ಸುಲಿಯುವ ಗಡಿಬಿಡಿ. ಚೊಗರು ಕೈಗೆಲ್ಲ ಹತ್ತುತ್ತದೆ, ಉಜ್ಜಿ ಉಜ್ಜಿ ತೊಳೆಯಬೇಕಾಗುತ್ತದೆ. ಎಳ್ಳಮಾವಾಸ್ಯೆಗೆ ತುಂಗೆಯಲ್ಲಿ ಮುಳುಗು ಹಾಕುವ ಪದ್ಧತಿ ನಿಮ್ಮ ಮನೆಯಲ್ಲೂ ಇರಬಹುದು. ಹಸಿ ಟ್ಯಾಟೂ ಇಟ್ಟುಕೊಂಡು ಹೊಳೆಗೆ ಇಳಿಯುವ ಹಾಗಿಲ್ಲ. ಜನವರಿ ಕೊನೆ ಅಥವಾ ಫೆಬ್ರುವರಿ ಇಟ್ಟುಕೊಳ್ಳಿ. ಒಣ ಹವೆ, ಬೆವರೂ ಕಡಿಮೆ, ತೋಟದ ಕೆಲಸವೂ ಹಗುರ.

ಮುಂದೂಡುವುದರಲ್ಲಿ ಇನ್ನೊಂದು ಲಾಭವಿದೆ. ಅದು ಅಮ್ಮನ ಹೆದರಿಕೆಗೆ ಸಂಬಂಧಪಟ್ಟದ್ದು. ಅವರ ಹೆದರಿಕೆ ಸುಳ್ಳಲ್ಲ. ಒಬ್ಬರ ರಕ್ತ ತಾಗಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಪಿತ್ತಜನಕಾಂಗಕ್ಕೆ ಬರುವ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಜೊತೆಗೆ ಎಚ್‌ಐವಿ, ಮೂರೂ ಹರಡಬಹುದು. ಇವುಗಳಲ್ಲಿ ಹೆಪಟೈಟಿಸ್ ಬಿ ತುಂಬ ಗಟ್ಟಿ. ಒಣಗಿದ ರಕ್ತದ ಕಲೆಯಲ್ಲೂ ಆ ವೈರಸ್ 7 ದಿನ ಜೀವ ಹಿಡಿದಿರಬಲ್ಲದು. ಮೇಜು, ಲೈಟಿನ ಸ್ವಿಚ್ಚು, ಶಾಯಿ ಬಾಟಲಿ ಎಲ್ಲಿ ಬೇಕಾದರೂ ಇರಬಹುದು. ಸಿ ಮತ್ತು ಎಚ್‌ಐವಿಗೆ ಲಸಿಕೆ ಇಲ್ಲ. ಹೆಪಟೈಟಿಸ್ ಬಿಗೆ ಒಳ್ಳೆಯ ಲಸಿಕೆ ಇದೆ. ರಾಷ್ಟ್ರೀಯ ಲಸಿಕೆ ಕಾರ್ಯಕ್ರಮದಲ್ಲಿ ಅದು ದೇಶದ ಎಲ್ಲ ಕಡೆ ಸೇರಿದ್ದು 2011ರಲ್ಲಿ. ನೀವು ಅದಕ್ಕೂ ಮುಂಚೆ ಹುಟ್ಟಿದವರು. ತಾಯಿ ಕಾರ್ಡ್ ತೆಗೆದು ನೋಡಿ, ಹಾಕಿಸಿರದಿದ್ದರೆ ಈಗಲೇ ಶುರು ಮಾಡಿ. ಮೊದಲ ಡೋಸ್ ಆದ ಒಂದು ತಿಂಗಳಿಗೆ ಎರಡನೆಯದು, 6 ತಿಂಗಳಿಗೆ ಮೂರನೆಯದು. ಜೂನ್‌ನಲ್ಲಿ ಹಿಡಿದರೆ ಡಿಸೆಂಬರ್‌ಗೆ ಮುಗಿಯುತ್ತದೆ. ಜನವರಿಗೆ ನೀವು ರೆಡಿ. ಧನುರ್ವಾಯುವಿನ ಇಂಜೆಕ್ಷನ್ ತೆಗೆದುಕೊಂಡು ಹತ್ತು ವರ್ಷ ದಾಟಿದ್ದರೆ ಅದನ್ನೂ ಹಾಕಿಸಿ. ಕೊಟ್ಟಿಗೆ ಕೆಲಸ ಇರುವ ಮನೆಯಲ್ಲಿ ಇದು ಹೇಗೂ ಬೇಕು.

ಜಾತ್ರೆಯ ಇನ್ನೂರು ರೂಪಾಯಿಗೂ ಸ್ಟುಡಿಯೋದ ಸಾವಿರಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ನಮ್ಮ ಅಜ್ಜಿಯರು ಕೈಮೇಲೆ ಹಚ್ಚೆ ಹಾಕಿಸಿಕೊಂಡವರೇ. ಮನೆ ಬಾಗಿಲಿಗೆ ಬಂದ ಕೊರವಂಜಿ ದೀಪದ ಕಪ್ಪು, ಸೊಪ್ಪಿನ ರಸ ಸೇರಿಸಿ ತುಳಸಿಕಟ್ಟೆಯನ್ನೋ ಚೇಳನ್ನೋ ಚುಚ್ಚಿ ಹೋಗುತ್ತಿದ್ದಳು. ಆ ಕಲೆಯ ಮೇಲೆ ನನಗೆ ತುಂಬ ಗೌರವ ಇದೆ. ಆದರೆ ಅವೇ ಸೂಜಿಗಳು ಮನೆಯಿಂದ ಮನೆಗೆ ಹೋಗುತ್ತಿದ್ದವು. ಆಗ ಈ ವೈರಸ್‌ಗಳ ವಿಷಯ ಯಾರಿಗೂ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಕೋಟೆ ಮಾರಿಕಾಂಬಾ ಜಾತ್ರೆಯಿರಲಿ, ಸಾಗರದ ಜಾತ್ರೆಯಿರಲಿ, ರಸ್ತೆ ಬದಿ ಮಷಿನ್ ಇಟ್ಟುಕೊಂಡು ಕೂತವರ ಹತ್ತಿರ ಒಂದು ದಿನಕ್ಕೆ ಎಷ್ಟು ಜನ ಹೋಗುತ್ತಾರೆ ನೋಡಿ. ಪ್ರತಿಯೊಬ್ಬರಿಗೂ ಹೊಸ ಸೂಜಿ, ಶಾಯಿಗೆ ಹೊಸ ಬಟ್ಟಲು, ಹೊಸ ಗ್ಲೌಸ್, ಹೊಸ ರೇಜರ್ ಹಾಕಿದರೆ ಇನ್ನೂರಕ್ಕೆ ಗಿಟ್ಟುವುದೇ ಇಲ್ಲ. ಸ್ಟುಡಿಯೋದವರು ಇಂಚಿನ ಲೆಕ್ಕದಲ್ಲಿ ಕೇಳುವ ದುಡ್ಡಿನಲ್ಲಿ ಇವೆಲ್ಲ ಸೇರಿರುತ್ತದೆ. ಹಾಗಂತ ದುಬಾರಿ ಸ್ಟುಡಿಯೋ ಎಲ್ಲವೂ ಶುಚಿ ಅಂದುಕೊಳ್ಳಬೇಡಿ. ಎಸಿ, ಕಪ್ಪು ಗೋಡೆ, ಬಣ್ಣದ ಲೈಟು ನೋಡಿ ಮಾರುಹೋಗಬಾರದು.

ಹಾಗಾದರೆ ಏನು ನೋಡಬೇಕು? ಮೊದಲು ಸೂಜಿ. ಅದು ನಿಮ್ಮ ಕಣ್ಣೆದುರೇ ಪೊಟ್ಟಣದಿಂದ ಹೊರಗೆ ಬರಬೇಕು. ಈಗ ಹೆಚ್ಚಿನವರು ಕಾರ್ಟ್ರಿಜ್, ಅಂದರೆ ಪ್ಲಾಸ್ಟಿಕ್ ಗೂಡಿನೊಳಗೇ ಕೂರಿಸಿದ ಸೂಜಿ, ಬಳಸುತ್ತಾರೆ. ಪ್ರತಿ ಕಾರ್ಟ್ರಿಜ್ ಬೇರೆ ಬೇರೆ ಸೀಲ್ ಆಗಿರುತ್ತದೆ, ಮೇಲೆ ಬ್ಯಾಚ್ ನಂಬರ್, ವಾಯಿದೆ ಮುಗಿಯುವ ದಿನ ಇರುತ್ತದೆ. ಅದನ್ನು ಓದಿ. ಓದಲು ಕೇಳಿದರೆ ಬೇಸರಪಡುವವರ ಹತ್ತಿರ ಕೂರಲೇಬೇಡಿ. ಮುಗಿದ ಸೂಜಿ ಎಲ್ಲಿಗೆ ಹೋಗುತ್ತದೆ ಎಂದೂ ಗಮನಿಸಿ. ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಗೆ ಬೀಳಬೇಕು. ಮಾಮೂಲಿ ಕಸದ ಬುಟ್ಟಿಗೆ ಬಿದ್ದರೆ ಪಾಪ, ಬೆಳಿಗ್ಗೆ ಕಸ ಎತ್ತುವ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಅವರ ಬಗ್ಗೆ ಯೋಚಿಸದ ಸ್ಟುಡಿಯೋ ನಿಮ್ಮ ಬಗ್ಗೆಯೂ ಜಾಸ್ತಿ ಯೋಚಿಸಿರುವುದಿಲ್ಲ.

ಕೆಲವರು ಮಷಿನ್ನಿನ ಲೋಹದ ಹಿಡಿಯನ್ನು ತೊಳೆದು ಮತ್ತೆ ಬಳಸುತ್ತಾರೆ. ತಪ್ಪಿಲ್ಲ, ಆದರೆ ಅದು ಆಟೋಕ್ಲೇವ್‌ನಲ್ಲಿ ಬೇಯಬೇಕು. ಒಳಗೆ 121 ಡಿಗ್ರಿ ಬಿಸಿ ಹಬೆ, 15 ಪೌಂಡ್ ಒತ್ತಡ, ಪೊಟ್ಟಣ ಕಟ್ಟಿದ ಸಾಮಾನಿಗೆ ಅರ್ಧ ಗಂಟೆ. ಆ ಪೊಟ್ಟಣದ ಮೇಲೆ ಒಂದು ಗುರುತು ಇರುತ್ತದೆ, ಸರಿಯಾಗಿ ಬಿಸಿ ತಾಗಿದರೆ ಅದರ ಬಣ್ಣ ಬದಲಾಗುತ್ತದೆ. ತೋರಿಸಿ ಅನ್ನಿ. ಬರೀ ನೀರಲ್ಲಿ ಕುದಿಸಿದರೆ ಎಲ್ಲ ಜೀವಾಣು ಸಾಯುವುದಿಲ್ಲ. ಕೆಲವು ಕಡೆ ನೀಲಿ ಬೆಳಕಿನ ಪೆಟ್ಟಿಗೆ ತೋರಿಸಿ ‘ಯುವಿ ಸ್ಟೆರಿಲೈಸರ್ ಇದೆ ಸರ್’ ಎನ್ನುತ್ತಾರೆ. ಆ ಬೆಳಕು ಬಿದ್ದ ಮೇಲ್ಮೈಗೆ ಮಾತ್ರ ಕೆಲಸ ಮಾಡುತ್ತದೆ, ನೆರಳಿನ ಕಡೆಗೆ, ಕೊಳವೆಯ ಒಳಗೆ ಹೋಗುವುದಿಲ್ಲ. ಶುಚಿಯಾದ ಸಾಮಾನು ಇಟ್ಟುಕೊಳ್ಳಲು ಅದು ಸಾಕು. ಸಾಮಾನನ್ನು ಶುಚಿ ಮಾಡಲು ಸಾಲದು.

ಆಮೇಲೆ ಕೈ. ನಾನು ಯಾರಿಗೇ ಹೇಳಿದರೂ ಇದನ್ನೇ ಒತ್ತಿ ಹೇಳುತ್ತೇನೆ, ಕಲಾವಿದರ ಕೈ ಎಲ್ಲೆಲ್ಲಿ ಹೋಗುತ್ತದೆ ನೋಡುತ್ತಾ ಇರಿ. ಗ್ಲೌಸ್ ಹಾಕಿದ ಕೈಯಲ್ಲೇ ಫೋನ್ ಎತ್ತಿದರು, ಲೈಟ್ ಸರಿಸಿದರು, ಕನ್ನಡಕ ಏರಿಸಿಕೊಂಡರು, ಮತ್ತೆ ಹಸಿ ಗಾಯ ಮುಟ್ಟಿದರು ಅನ್ನಿ. ಆಗ ಗ್ಲೌಸ್ ಇದ್ದೂ ಇಲ್ಲದ ಹಾಗೆ. ಏನಾದರೂ ಮುಟ್ಟಿದರೆ ಗ್ಲೌಸ್ ಬದಲಾಯಿಸಬೇಕು. ಅದಕ್ಕೇ ಒಳ್ಳೆಯ ಸ್ಟುಡಿಯೋದಲ್ಲಿ ಮಷಿನ್, ವೈರು, ಸ್ಪ್ರೇ ಬಾಟಲಿ, ಕುರ್ಚಿಯ ತೋಳು ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿರುತ್ತಾರೆ, ಒಬ್ಬೊಬ್ಬರು ಎದ್ದ ಮೇಲೂ ಅದನ್ನು ಕಿತ್ತು ಬಿಸಾಡುತ್ತಾರೆ. ಕೈ ತೊಳೆಯಲು ನಲ್ಲಿ, ಸೋಪು ಕೋಣೆಯಲ್ಲೇ ಇರಬೇಕು.

ಶಾಯಿಯ ವಿಷಯ ಸ್ವಲ್ಪ ಗೋಜಲು. ದೊಡ್ಡ ಬಾಟಲಿಯಿಂದ ಚಿಕ್ಕ ಕಪ್ಪಿಗೆ ನಿಮಗೆ ಬೇಕಾದಷ್ಟೇ ಹಾಕಿಕೊಳ್ಳಬೇಕು, ಉಳಿದದ್ದನ್ನು ಚೆಲ್ಲಬೇಕು. ತಿಳಿ ಮಾಡಲು ನಲ್ಲಿ ನೀರಾಗಲಿ, ಕುಡಿಯುವ ಕ್ಯಾನಿನ ನೀರಾಗಲಿ ಸೇರಿಸಬಾರದು. ಸೀಲ್ ಆದ ಸ್ಟೆರೈಲ್ ವಾಟರ್, ಅಂದರೆ ಜೀವಾಣು ಇಲ್ಲದ ನೀರು ಮಾತ್ರ. ಇದು ಸುಮ್ನೆ ಮಡಿವಂತಿಕೆಯ ಮಾತಲ್ಲ. 2011ರ ಕೊನೆಗೆ ಅಮೆರಿಕದ ರಾಚೆಸ್ಟರ್ ಊರಿನಲ್ಲಿ 19 ಜನಕ್ಕೆ ಟ್ಯಾಟೂ ಜಾಗದಲ್ಲಿ ಗುಳ್ಳೆ ಎದ್ದವು. ಹುಡುಕಿದಾಗ ಮೊದಲೇ ತಿಳಿ ಮಾಡಿ ಬಾಟಲಿಗೆ ತುಂಬಿದ್ದ ಬೂದು ಶಾಯಿಯಲ್ಲಿ, ಸೀಲ್ ಒಡೆಯದ ಬಾಟಲಿಯಲ್ಲೂ, ಕ್ಷಯದ ಜಾತಿಗೆ ಸೇರಿದ ಒಂದು ನೀರಿನ ಬ್ಯಾಕ್ಟೀರಿಯಾ ಸಿಕ್ಕಿತು. ಯುರೋಪಿನ ದೇಶಗಳು 2022ರ ಜನವರಿಯಿಂದ ಟ್ಯಾಟೂ ಶಾಯಿಯಲ್ಲಿ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹಾಕಿವೆ. ನಮ್ಮ ರಾಜ್ಯದಲ್ಲೂ 2025ರಲ್ಲಿ ಶಾಯಿಯಲ್ಲಿನ ಲೋಹಗಳ ಬಗ್ಗೆ ಆರೋಗ್ಯ ಸಚಿವರೇ ಮಾತೆತ್ತಿದ್ದರು. ಆದ್ದರಿಂದ ಶಾಯಿಯ ಬ್ರ್ಯಾಂಡ್ ಹೆಸರು, ಬ್ಯಾಚ್ ನಂಬರ್ ಒಂದು ಫೋಟೋ ಹೊಡೆದುಕೊಳ್ಳಿ. ಮುಂದೆ ಏನಾದರೂ ಆದರೆ ನಮಗೆ ಅದು ತುಂಬ ಸಹಾಯ ಮಾಡುತ್ತದೆ. ಅಲರ್ಜಿ ಜಾಸ್ತಿ ಮಾಡುವುದು ಕೆಂಪು ಬಣ್ಣ. ಅದೂ ವರ್ಷಗಳಾದ ಮೇಲೆ ಕೂಡ ಕಾಣಿಸಿಕೊಳ್ಳಬಹುದು. ನಿಮ್ಮದು ಬರೀ ಅಕ್ಷರ, ಕಪ್ಪೇ ಸಾಕು ಅಲ್ವಾ?

ಅಕ್ಷರದ ಬಗ್ಗೆ ನಾನು ವೈದ್ಯಕೀಯ ಬಿಟ್ಟು ಎರಡು ಮಾತು ಹೇಳಲೇಬೇಕು. ಅಕ್ಷರ ಕೆಟ್ಟಿತು ಎಂದು ಟ್ಯಾಟೂ ತೆಗೆಸಲು ಬರುವವರನ್ನು ನೋಡಿದರೆ ಸಂಕಟವಾಗುತ್ತದೆ. ಶಾಯಿ ಚರ್ಮದೊಳಗೆ ವರ್ಷ ಕಳೆದ ಹಾಗೆ ಸ್ವಲ್ಪ ಸ್ವಲ್ಪ ಹರಡುತ್ತದೆ. ಗೆರೆ ದಪ್ಪವಾಗುತ್ತದೆ. ಕನ್ನಡ ಅಕ್ಷರ ದುಂಡು, ಒಳಗೆಲ್ಲ ಚಿಕ್ಕ ಚಿಕ್ಕ ಖಾಲಿ ಜಾಗ. ‘ಚೆನ್ನಾಗಿರು’ ಎಂಬಲ್ಲಿ ‘ನ್ನಾ’ ನೋಡಿ. ಮೇಲೆ ದೀರ್ಘ, ಕೆಳಗೆ ಒತ್ತು. ಬೆರಳಿನ ಅಗಲಕ್ಕೆ ಇಡೀ ಸಾಲನ್ನು ತುರುಕಿದರೆ ಹತ್ತು ವರ್ಷಕ್ಕೆ ಆ ಒತ್ತು ಒಂದು ಚುಕ್ಕೆಯಾಗಿರುತ್ತದೆ. ಮುಂಗೈಯ ಉದ್ದಕ್ಕೆ, ಕಣ್ಣಿಗೆ ಸ್ವಲ್ಪ ದೊಡ್ಡದಾಯಿತು ಅನ್ನಿಸುವಷ್ಟು ಅಗಲ ಬಿಟ್ಟು ಬರೆಸಿ.

ಇನ್ನೊಂದು, ಕಾಗದವನ್ನು ಸ್ಕ್ಯಾನ್ ಮಾಡಿಸಿ ಆ ಚಿತ್ರವನ್ನೇ ಕೊಡಿ. ಬಾಯಲ್ಲಿ ಹೇಳಿ ಟೈಪ್ ಮಾಡಿಸಬೇಡಿ. ಡಿಸೈನ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ ಕನ್ನಡಕ್ಕೆ ಸರಿಯಾದ ಸೆಟ್ಟಿಂಗ್ ಹಾಕದಿದ್ದರೆ ಒತ್ತಕ್ಷರ ಬಿಡಿಸಿಕೊಂಡು ಪಕ್ಕಕ್ಕೆ ಬಂದು ಕೂರುತ್ತದೆ, ಕೊಂಬು ಜಾಗ ಬಿಡುತ್ತದೆ. ಕನ್ನಡ ಓದಲು ಬಾರದ ಕಲಾವಿದರಾದರೆ ಅದು ತಪ್ಪೆಂದು ಅವರಿಗೆ ಗೊತ್ತೇ ಆಗುವುದಿಲ್ಲ. ಚುಚ್ಚುವ ಮುಂಚೆ ಗೆರೆ ಮೂಡಿಸುವ ಅಚ್ಚಿಗೆ ಸ್ಟೆನ್ಸಿಲ್ ಅನ್ನುತ್ತಾರೆ. ಅದನ್ನು ಕೈಮೇಲೆ ಅಂಟಿಸಿದ ಮೇಲೆ ಕಾಗದವನ್ನು ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋದರೆ ಒಳ್ಳೆಯದು. ಅಪ್ಪನ ಕೈಬರಹ ಅವರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಸರಿ ಇಲ್ಲದಿದ್ದರೆ ಸ್ಟೆನ್ಸಿಲ್ ಅಳಿಸಿ ಎಷ್ಟು ಸಲ ಬೇಕಾದರೂ ಅಂಟಿಸಬಹುದು. ಸೂಜಿ ಚುಚ್ಚಿದ ಮೇಲೆ ಉಳಿಯುವ ದಾರಿ ಲೇಸರ್. ಅದಕ್ಕೆ ಆರರಿಂದ ಎಂಟು ವಾರಕ್ಕೊಂದು ಸಲದಂತೆ ಹಲವು ಸಲ ಬರಬೇಕು, ಟ್ಯಾಟೂಗಿಂತ ಎಷ್ಟೋ ಪಟ್ಟು ಖರ್ಚು, ಅಷ್ಟಾದರೂ ಕಲೆ ಪೂರ್ತಿ ಹೋಗುತ್ತದೆ ಎಂದು ಯಾರೂ ಮಾತು ಕೊಡಲಾರರು.

ಕೆಲವರು ಹಾಕಿಸುವ ಮುಂಚೆ ವೈದ್ಯರನ್ನು ಕಾಣಲೇಬೇಕು. ಕಿವಿ ಚುಚ್ಚಿದ ಕಡೆ, ಹಳೆ ಗಾಯದ ಕಡೆ ಗಂಟು ಗಂಟಾಗಿ ಕಲೆ ಬೆಳೆದವರಿಗೆ ಟ್ಯಾಟೂ ಮೇಲೂ ಹಾಗೇ ಬೆಳೆಯಬಹುದು. ಕೀಲಾಯ್ಡ್ ಎನ್ನುವುದು ಅದಕ್ಕೇ. ಎದೆ, ಭುಜದ ಮೇಲೆ ಇದು ಜಾಸ್ತಿ. ತೊನ್ನು, ಸೋರಿಯಾಸಿಸ್ ಇರುವವರಿಗೆ ಚುಚ್ಚಿದ ಗೆರೆಯ ಮೇಲೇ ರೋಗ ಏಳಬಹುದು. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ರಕ್ತ ತೆಳುಮಾಡುವ ಮಾತ್ರೆ, ಹೃದಯದ ಕವಾಟದ ತೊಂದರೆ, ಬಸುರಿ ಇದ್ದರೆ ಈಗ ಬೇಡ ಅಥವಾ ಕೇಳಿ ಮುಂದುವರಿಯಿರಿ. ಮೊಡವೆಗೆ ಐಸೊಟ್ರೆಟಿನೊಯಿನ್ ಮಾತ್ರೆ ತಿನ್ನುವವರು ಬಹಳ ಇದ್ದಾರೆ, ಅವರು ಮಾತ್ರೆ ನಿಲ್ಲಿಸಿ 6 ತಿಂಗಳು ಕಾಯುವುದು ಒಳ್ಳೆಯದು. ರಕ್ತದಾನ ಮಾಡುವ ಅಭ್ಯಾಸ ಇದ್ದರೆ, ಟ್ಯಾಟೂ ಆದಮೇಲೆ 12 ತಿಂಗಳು ನಿಮ್ಮಿಂದ ರಕ್ತ ತೆಗೆದುಕೊಳ್ಳುವುದಿಲ್ಲ.

ತಮ್ಮನಿಗೆ ಹೇಳಿ, ಈಗ ಬೇಡ. ಸೈನ್ಯದ ಭರ್ತಿಯಲ್ಲಿ ಶಾಶ್ವತ ಟ್ಯಾಟೂಗೆ ಜಾಗದ ನಿಯಮ ಇದೆ. ಮೊಣಕೈ ಒಳಮಗ್ಗುಲಿನಿಂದ ಮಣಿಕಟ್ಟಿನವರೆಗೆ ಮುಂಗೈಯ ಒಳಭಾಗ, ಮತ್ತು ಅಂಗೈಯ ಹಿಂಭಾಗ ಇಷ್ಟಕ್ಕೇ ಒಪ್ಪಿಗೆ. ಬುಡಕಟ್ಟು ಸಮುದಾಯದವರಿಗೆ ಅವರ ಪದ್ಧತಿಯಂತೆ ವಿನಾಯಿತಿ ಇದೆ. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಪಡೆಗಳು ಇನ್ನೂ ಬಿಗಿ. ಸೆಲ್ಯೂಟ್ ಹೊಡೆಯದ ಎಡಗೈ, ಅದೂ ಅಳತೆ ಮೀರಬಾರದು. ತೋಳಿನ ಮೇಲೆ, ಕುತ್ತಿಗೆ ಮೇಲೆ ಒಂದು ಚಿಕ್ಕ ಚಿತ್ರ ಇದ್ದರೂ ವೈದ್ಯಕೀಯ ಪರೀಕ್ಷೆಯಲ್ಲಿ ಹೊರಗೆ. ವರ್ಷಗಟ್ಟಲೆ ಬೆಳಗಿನ ಜಾವ ಎದ್ದು ಓಡಿದ ಹುಡುಗ ಇದರಿಂದ ವಾಪಸ್ ಬರಬಾರದು. ಸೇರಿದ ಮೇಲೆ ನಿಯಮ ನೋಡಿಕೊಂಡು ಹಾಕಿಸಲಿ.

ಆ ದಿನ ಹೊಟ್ಟೆ ತುಂಬ ಊಟ ಮಾಡಿ ಹೋಗಿ. ಹಸಿದು ಕೂತವರಿಗೇ ತಲೆ ಸುತ್ತು ಬರುವುದು. ಆಸ್ಪಿರಿನ್, ಹೆಂಡ ಹಿಂದಿನ ದಿನದಿಂದಲೇ ಬೇಡ, ರಕ್ತ ಜಾಸ್ತಿ ಒಸರುತ್ತದೆ. ಮುಂಗೈಯಲ್ಲಿ ನೋವು ತಡೆಯುವಷ್ಟೇ ಇರುತ್ತದೆ. ಮರಗಟ್ಟಿಸುವ ಕ್ರೀಮ್ ಬೇಕೇ ಬೇಕು ಅಂತಿಲ್ಲ. ಹಚ್ಚಿದರೂ ಚಿಕ್ಕ ಜಾಗಕ್ಕೆ ಮಾತ್ರ. ದೊಡ್ಡ ಜಾಗಕ್ಕೆ ದಪ್ಪಗೆ ಬಳಿದು ಪ್ಲಾಸ್ಟಿಕ್ ಸುತ್ತಿ ಗಂಟೆಗಟ್ಟಲೆ ಬಿಟ್ಟರೆ ಔಷಧ ರಕ್ತಕ್ಕೆ ಸೇರಿ ಹೃದಯದ ಬಡಿತಕ್ಕೇ ತೊಂದರೆ ಮಾಡಬಹುದು.

ಮನೆಗೆ ಬಂದ ಮೇಲೆ ದಿನಕ್ಕೆ ಎರಡು ಸಲ, ಕಾಯಿಸಿ ಆರಿಸಿದ ನೀರು ಮತ್ತು ವಾಸನೆ ಇಲ್ಲದ ಸೋಪಿನಲ್ಲಿ ಮೆಲ್ಲಗೆ ತೊಳೆಯಿರಿ. ಶುಚಿಯಾದ ಬಟ್ಟೆಯಲ್ಲಿ ಒತ್ತಿ ಒರೆಸಿ, ಉಜ್ಜಬೇಡಿ. ಮೇಲೆ ವ್ಯಾಸಲೀನನ್ನು ಹೊಳಪು ಕಾಣುವಷ್ಟು ಮಾತ್ರ ತೆಳ್ಳಗೆ ಹಚ್ಚಿ. ಅರಿಶಿನ, ತುಪ್ಪ, ಸೊಪ್ಪಿನ ರಸ ಬೇಡ. ಅಜ್ಜಿ ಎಷ್ಟೇ ಪ್ರೀತಿಯಿಂದ ಹೇಳಿದರೂ ಬೇಡ. ಮನೆ ಅರಿಶಿನ ಸ್ಟೆರೈಲ್ ಅಲ್ಲ. ಕೊಬ್ಬರಿ ಎಣ್ಣೆ ಗಾಯ ಪೂರ್ತಿ ಕೂಡಿದ ಮೇಲೆ ಹಚ್ಚಬಹುದು. ಒಂದು ವಾರಕ್ಕೆ ಹೊಟ್ಟು ಏಳುತ್ತದೆ, ತುರಿಸುತ್ತದೆ. ಕಿತ್ತರೆ ಅಷ್ಟು ಕಡೆ ಬಣ್ಣವೂ ಹೋಗುತ್ತದೆ. ಬಿಗಿ ತೋಳಿನ ಬಟ್ಟೆ ಬಿಡಿ. ಸ್ಕೂಟರಲ್ಲಿ ಹೋಗುವಾಗ ಸಡಿಲವಾದ ಹತ್ತಿ ಬಟ್ಟೆಯಿಂದ ಬಿಸಿಲಿಗೆ ಮರೆ ಮಾಡಿ. ಸನ್‌ಸ್ಕ್ರೀನ್ ಗಾಯ ಮಾಗಿದ ಮೇಲೆ. ಆಮೇಲೆ ಅದನ್ನು ಬಿಡಬೇಡಿ, ಬಣ್ಣವನ್ನು ಮಸುಕು ಮಾಡುವುದರಲ್ಲಿ ಬಿಸಿಲೇ ಮುಂದು.

ಮೊದಲೆರಡು ದಿನ ಕೆಂಪು, ಸ್ವಲ್ಪ ಊತ, ತಿಳಿ ನೀರು ಒಸರುವುದು ಮಾಮೂಲು. ಮೂರನೆಯ ದಿನದ ಮೇಲೂ ನೋವು ಏರುತ್ತಾ ಹೋದರೆ, ಕೀವು ಬಂದರೆ, ಜ್ವರ ಬಂದರೆ, ಟ್ಯಾಟೂ ಜಾಗದಿಂದ ಕಂಕುಳ ಕಡೆಗೆ ಕೆಂಪು ಗೆರೆ ಓಡಿದರೆ ಸ್ಟುಡಿಯೋಗೆ ಫೋನ್ ಮಾಡಿ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಯಾದರೂ ಸರಿ, ಶಿವಮೊಗ್ಗದ ಮೆಗ್ಗಾನ್ ಆದರೂ ಸರಿ. ಇನ್ನೊಂದು ಬಗೆ ತಡವಾಗಿ ಬರುತ್ತದೆ. ಎಲ್ಲ ಮಾಗಿ ಕೆಲವು ವಾರ ಕಳೆದ ಮೇಲೆ ಗೆರೆಯ ಉದ್ದಕ್ಕೆ ಸಣ್ಣ ಸಣ್ಣ ಕೆಂಪು ಗುಳ್ಳೆ ಎದ್ದು, ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಇಳಿಯುವುದಿಲ್ಲ. ಇದೇ ಆ ನೀರಿನ ಬ್ಯಾಕ್ಟೀರಿಯಾದ ಲಕ್ಷಣ. ಮೆಡಿಕಲ್ ಶಾಪಿನಿಂದ ಕ್ರೀಮ್ ತಂದು ಹಚ್ಚುತ್ತಾ ದಿನ ದೂಡಬೇಡಿ. ಚರ್ಮದ ವೈದ್ಯರಿಗೆ ತೋರಿಸಿ, ಯಾವ ದಿನ ಹಾಕಿಸಿದ್ದು ಎಂದು ಹೇಳಿ, ಶಾಯಿ ಬಾಟಲಿಯ ಆ ಫೋಟೋ ಕೊಡಿ. ಗುಳ್ಳೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತದೆ, ಮಾತ್ರೆಯನ್ನು ತಿಂಗಳುಗಟ್ಟಲೆ ತಿನ್ನಬೇಕಾಗಬಹುದು, ಆದರೆ ವಾಸಿಯಾಗುತ್ತದೆ.